ಹಗ್ಗವೂ ವೃತ್ತಪತ್ರಿಕೆಯೂ

ನಗಿಸುವುದನ್ನೇ ಜೀವನೋಪಾಯವಾಗಿ ಮಾಡಿಕೊಂಡವನಿಗೆ ನಗೆಯ ಸರಕು ಎಲ್ಲಿಂದ ಒದಗಬೇಕು ಎಂಬುದು ಬಹು ಹಳೆಯ ಪ್ರಶ್ನೆ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಅಮೆರಿಕದ ಊರೂರಿಗೂ ಹಬ್ಬಿದ್ದ ವಾಡ್ವಿಲ್ ಎಂಬ ವಿವಿಧವಿನೋದದ ರಂಗಭೂಮಿಯಲ್ಲಿ ಇದಕ್ಕೊಂದು ಸುಲಭವಾದ ಉತ್ತರವಿದ್ದಿತು: ಹತ್ತು ಹದಿನೈದು ನಿಮಿಷಗಳ ಒಂದು ಆಟವನ್ನು ಚೆನ್ನಾಗಿ ಮಸೆದು ಸಿದ್ಧಮಾಡಿಕೊಂಡವನು, ಈ ವಾರ ಒಂದೂರು ಮುಂದಿನ ವಾರ ಮತ್ತೊಂದೂರು ಎಂದು ಅಲೆಯುತ್ತ, ಪ್ರೇಕ್ಷಕರು ಬದಲಾಗುತ್ತಿದ್ದುದರಿಂದ ಮಾತನ್ನು ಬದಲಾಯಿಸುವ ಅಗತ್ಯವೇ ಇಲ್ಲದೆ, ಅದೊಂದರ ಬಲದಿಂದಲೇ ವರ್ಷಗಟ್ಟಲೆ ಅನ್ನವನ್ನು ಸಂಪಾದಿಸಬಹುದಾಗಿದ್ದಿತು. ಅಂದಂದಿನ ರಾಜಕೀಯ ವಾರ್ತೆಯಿಂದ ಅಂದಂದಿನ ನಗೆಯನ್ನು ತೆಗೆಯುವ ಕಸುಬು ಈ ನೆಮ್ಮದಿ ಕೆಟ್ಟ ಒಂದು ಸಂದರ್ಭದಲ್ಲಿ ರೂಪುಗೊಂಡಿತು. ಅಧಿಕಾರಸ್ಥರನ್ನು ರಂಗದ ಮೇಲೆ ಗೇಲಿಮಾಡುವುದು ಹೊಸದೇನೂ ಆಗಿರಲಿಲ್ಲ. ಅಥೆನ್ಸಿನಲ್ಲಿ ಅರಿಸ್ಟೋಫನೀಸನು ಕ್ಲಿಯಾನ್ ಎಂಬ ಜನನಾಯಕನನ್ನು ಅವನು ಜೀವಂತನಾಗಿ ಅಧಿಕಾರದಲ್ಲಿದ್ದಾಗಲೇ ನಾಟಕದಲ್ಲಿ ತಂದು ಹಣಿದಿದ್ದನು. ಆದರೆ ಬೆಳಗಿನ ಪತ್ರಿಕೆಯಲ್ಲಿ ಓದಿದ್ದನ್ನು ರಾತ್ರಿ ರಂಗದ ಮೇಲೆ ಹೇಳಿ, ಮರುದಿನ ಅದನ್ನು ಬಿಟ್ಟು ಬೇರೊಂದನ್ನು ಹಿಡಿಯುವ ಈ ದಿನವಹಿ ವ್ಯಾಪಾರ ಬೇರೆಯದು. ಅದಕ್ಕೆ ದೃಢವಾದ ರೂಪವನ್ನು ಕೊಟ್ಟವನು ಹಗ್ಗ ಬೀಸುವುದನ್ನು ಕಲಿತಿದ್ದ ಒಬ್ಬ ದನಗಾಹಿ.

ವಿಲ್ ರಾಜರ್ಸ್ 1879ರ ನವೆಂಬರ್ 4ರಂದು, ಇಂದು ಓಕ್ಲಹೋಮಾ ಎನಿಸಿರುವ, ಅಂದು ಇಂಡಿಯನ್ ಟೆರಿಟರಿ ಎಂಬ ಹೆಸರಿದ್ದ ಪ್ರದೇಶದಲ್ಲಿ, ಚೆರೋಕಿ ಜನಾಂಗದ ನಾಡಿನಲ್ಲಿ, ಎಂಟು ಮಕ್ಕಳಲ್ಲಿ ಕೊನೆಯವನಾಗಿ ಹುಟ್ಟಿದನು. ತಂದೆತಾಯಿಗಳಿಬ್ಬರಲ್ಲೂ ಚೆರೋಕಿ ರಕ್ತವಿದ್ದಿತು. ತಂದೆ ಕ್ಲೆಮ್ ರಾಜರ್ಸ್ ವಿಸ್ತಾರವಾದ ಹುಲ್ಲುಗಾವಲಿನಲ್ಲಿ ಸಾವಿರಾರು ದನಗಳನ್ನು ಮೇಯಿಸಿದ ಸಿರಿವಂತ, ಚೆರೋಕಿಗಳ ಶಾಸನಸಭೆಯಲ್ಲಿ ಕುಳಿತವನು. ಆ ಜನಾಂಗವನ್ನು 1838ರಲ್ಲಿ ಸೈನ್ಯದ ಕಾವಲಿನಲ್ಲಿ ಪೂರ್ವದ ತಮ್ಮ ನೆಲದಿಂದ ಎಬ್ಬಿಸಿ ಪಶ್ಚಿಮಕ್ಕೆ ಅಟ್ಟಿದಾಗ ಸಾವಿರಾರು ಮಂದಿ ದಾರಿಯಲ್ಲಿ ಸತ್ತಿದ್ದರು. ಹಾಗೆ ಬಂದು ನೆಲೆಗೊಂಡ ನೆಲವನ್ನಾದರೂ ಶಾಶ್ವತವಾಗಿ ಬಿಟ್ಟುಕೊಡುವೆವೆಂಬ ಸರ್ಕಾರದ ಮಾತು ನಿಲ್ಲದೆ, 1898ರ ಕಾನೂನಿನಿಂದ ಎಲ್ಲರದಾಗಿದ್ದ ಭೂಮಿ ತುಂಡುತುಂಡಾಗಿ ಹಂಚಿಹೋಯಿತು. 1907ರ ನವೆಂಬರಿನಲ್ಲಿ, ವಿಲ್ ರಾಜರ್ಸನಿಗೆ 28 ತುಂಬಿದ ತಿಂಗಳಲ್ಲಿಯೇ, ಓಕ್ಲಹೋಮಾ ಒಂದು ಸಂಸ್ಥಾನವಾಗಿ, ಅವನು ಹುಟ್ಟಿದ ನಾಡು ಭೂಪಟದಿಂದ ಅಳಿಸಿಹೋಯಿತು. ತನ್ನ ಪೂರ್ವಜರು ಇಂಗ್ಲಿಷ್ ವಲಸೆಗಾರರನ್ನು ತಂದ ಮೇಫ್ಲವರ್ ಹಡಗಿನಲ್ಲಿ ಬಂದವರಲ್ಲ, ಆ ಹಡಗನ್ನು ದಡದಲ್ಲಿ ಎದುರುಗೊಂಡವರು ಎಂಬ ಅವನ ಪ್ರಸಿದ್ಧವಾದ ಮಾತು ಸಭೆಯನ್ನು ನಗಿಸುವ ಉಪಾಯ ಮಾತ್ರವಾಗಿರಲಿಲ್ಲ. ಸರ್ಕಾರದ ವಾಗ್ದಾನಗಳ ಬೆಲೆ ಎಷ್ಟೆಂಬುದನ್ನು ಬಲ್ಲ ಮನೆತನದ ಮಾತು ಅದು.

ಅವನಿಗೆ ಹಗ್ಗದ ಕುಣಿಕೆ ಎಸೆಯುವುದನ್ನು ಕಲಿಸಿದವನು ತಂದೆಯ ಹುಲ್ಲುಗಾವಲಿನಲ್ಲಿ ಕೆಲಸಕ್ಕಿದ್ದ ಡ್ಯಾನ್ ವಾಕರ್ ಎಂಬ ಕರಿಯ ದನಗಾಹಿ. ಶಾಲೆಯ ಓದು ಹುಡುಗನಿಗೆ ಹಿಡಿಸಲಿಲ್ಲ, ಹಗ್ಗ ಹಿಡಿಸಿತು. 1902ರಲ್ಲಿ ದನಗಳ ವ್ಯಾಪಾರದ ಆಸೆಯಿಂದ ಅರ್ಜೆಂಟೀನಕ್ಕೆ ಹೋಗಿ, ಕೈಯಲ್ಲಿದ್ದುದೆಲ್ಲ ಖರ್ಚಾದ ಮೇಲೆ ದಕ್ಷಿಣ ಆಫ್ರಿಕಕ್ಕೆ ದಾಟಿ, ಅಲ್ಲಿ ಟೆಕ್ಸಸ್ ಜ್ಯಾಕ್ ಎಂಬವನ ಸರ್ಕಸ್ಸಿನಲ್ಲಿ ಸೇರಿ, ಆಸ್ಟ್ರೇಲಿಯದಲ್ಲಿಯೂ ಸರ್ಕಸ್ಸಿನೊಡನೆ ತಿರುಗಿ ಸ್ವದೇಶಕ್ಕೆ ಮರಳಿದನು. 1905ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಕಟ್ಟು ಮೀರಿದ ಹೋರಿಯೊಂದು ಜನ ಕುಳಿತಿದ್ದ ಮೆಟ್ಟಿಲುಗಳಿಗೆ ನುಗ್ಗಿದಾಗ ಅದಕ್ಕೆ ಕುಣಿಕೆ ಹಾಕಿದ್ದರಿಂದ ಅವನ ಹೆಸರು ಪತ್ರಿಕೆಗಳಲ್ಲಿ ಬಂದಿತು, ವಾಡ್ವಿಲ್ಲಿನ ಬಾಗಿಲು ತೆರೆಯಿತು. ಆಗ ಅವನದು ಮೂಕ ಆಟ. ಒಂದೇ ಸಲಕ್ಕೆ ಎರಡು ಹಗ್ಗಗಳನ್ನು ಎಸೆದು ಒಂದರಿಂದ ಓಡುವ ಕುದುರೆಯನ್ನೂ ಇನ್ನೊಂದರಿಂದ ಸವಾರನನ್ನೂ ಹಿಡಿಯುವ ಚಮತ್ಕಾರವನ್ನು ಜನ ಗಮನಿಸದೆ ಹೋಗಬಾರದೆಂದು, ಮುಂಚಿತವಾಗಿ ನಾಲ್ಕು ಮಾತು ಹೇಳುವಂತೆ ಯಾರೋ ಸೂಚಿಸಿದರು; ಹೇಳಿದನು; ಆ ನೈಋತ್ಯ ಸೀಮೆಯ ಎಳೆದಾಡುವ ಉಚ್ಚಾರಣೆಗೆ ಸಭೆ ನಕ್ಕಿತು. ತನ್ನನ್ನೇ ಪರಿಹಾಸ್ಯ ಮಾಡಿದರೆಂದು ಅವನಿಗೆ ಕೋಪವೂ ನಾಚಿಕೆಯೂ ಉಂಟಾದುವಂತೆ. ಆ ನಗೆಯೇ ತನ್ನ ಬಾಳಿನ ಬಂಡವಾಳವಾಗುವುದೆಂದು ತಿಳಿಯಲು ಅವನಿಗೆ ಕೆಲವು ಕಾಲ ಹಿಡಿಯಿತು.

1915ರಲ್ಲಿ ಜೀಗ್‌ಫೆಲ್ಡ್ ಎಂಬ ನಾಟಕದೊಡೆಯನು ನ್ಯೂ ಆಮ್‌ಸ್ಟರ್‌ಡ್ಯಾಮ್ ನಾಟಕಶಾಲೆಯ ಮಾಳಿಗೆಯ ಮೇಲೆ, ನಡುರಾತ್ರಿ ಊಟ ಪಾನಗಳೊಡನೆ ನಡೆಯುತ್ತಿದ್ದ ವಿನೋದಕೂಟಕ್ಕೆ ಅವನನ್ನು ಸೇರಿಸಿಕೊಂಡನು. ಇಲ್ಲಿ ವಾಡ್ವಿಲ್ಲಿನ ಲೆಕ್ಕ ತಲೆಕೆಳಗಾಯಿತು. ಬರುವವರು ನಗರದ ಧನಿಕರು. ವಾರದಲ್ಲಿ ಹಲವು ಸಲ ಬರುವವರು. ನಿನ್ನೆ ಕೇಳಿದ ಮಾತನ್ನು ಇಂದು ಕೇಳಿದರೆ ಮುಖ ತಿರುಗಿಸಿ ಊಟದ ಕಡೆಗೆ ನೋಡುವವರು. ಹಿಂದೆ ಪ್ರೇಕ್ಷಕರು ಬದಲಾಗುತ್ತಿದ್ದರು, ಮಾತು ನಿಂತಿದ್ದಿತು. ಈಗ ಪ್ರೇಕ್ಷಕರು ನಿಂತರು, ಮಾತು ಬದಲಾಗಬೇಕಾಯಿತು. ದಿನದಿನವೂ ಹೊಸ ಸರಕನ್ನು ಎಲ್ಲಿಂದ ತರುವುದೆಂದು ತೋಚದೆ ಕುಳಿತವನಿಗೆ ದಾರಿ ತೋರಿದವಳು ಹೆಂಡತಿ ಬೆಟ್ಟಿ: ಹೇಗೂ ದಿನವೆಲ್ಲ ಪತ್ರಿಕೆಗಳನ್ನು ಓದುತ್ತ ಕೂರುತ್ತೀಯೆ, ಓದಿದ್ದನ್ನೇ ಏಕೆ ಹೇಳಬಾರದು, ಎಂದಳು. ಅಂದಿನಿಂದ ಅವನು ಒಂದೊಂದು ಪತ್ರಿಕೆಯ ಮುಂಜಾನೆ, ಮಧ್ಯಾಹ್ನ, ಸಂಜೆಯ ಆವೃತ್ತಿಗಳನ್ನು ಬಿಡದೆ ನೋಡಿ, ಶಾಸನಸಭೆಯಲ್ಲಿ ನಡೆದ ವಾದವನ್ನೋ ಯೂರೋಪಿನ ಯುದ್ಧದ ತಂತಿಯನ್ನೋ ಹಗ್ಗ ತಿರುಗಿಸುತ್ತ, ಬಾಯಲ್ಲಿ ಚ್ಯೂಯಿಂಗ್ ಗಮ್ ಅಗಿಯುತ್ತ, ತಲೆ ತಗ್ಗಿಸಿಕೊಂಡು ಮಾತಿಗೆ ತೊಡಗಿದನು. ಹಗ್ಗದ ಉಪಯೋಗವು ಇಲ್ಲಿ ಸೂಕ್ಷ್ಮವಾದುದು: ಮಾತು ನಾಟದೆ ಸಭೆ ಮೌನವಾದಾಗ ಹಗ್ಗ ಆ ಮೌನವನ್ನು ತುಂಬುತ್ತಿದ್ದಿತು, ಹಗ್ಗ ತಪ್ಪಿದಾಗ ಅದಕ್ಕೆಂದೇ ಸಿದ್ಧವಾಗಿಟ್ಟಿದ್ದ ಮಾತು ಅದನ್ನು ಕಾಯುತ್ತಿದ್ದಿತು.

ಈ ಕಸುಬಿನ ನಿಜವಾದ ಪರೀಕ್ಷೆ 1916ರ ಮೇ ತಿಂಗಳಿನ ಕೊನೆಯಲ್ಲಿ ಬಾಲ್ಟಿಮೋರ್ ನಗರದಲ್ಲಿ ನಡೆಯಿತು. ನಟರ ಸಂಘವೊಂದರ ಪ್ರದರ್ಶನಕ್ಕೆ ಅಧ್ಯಕ್ಷ ವುಡ್ರೊ ವಿಲ್ಸನ್ನನು ವಾಷಿಂಗ್‌ಟನ್ನಿನಿಂದ ಬಂದು ಕುಳಿತನು. ರಾಷ್ಟ್ರದ ಅಧ್ಯಕ್ಷನ ನೀತಿಯನ್ನು ಅವನಿಲ್ಲದಾಗ ಗೇಲಿಮಾಡುವುದು ಒಂದು, ಅವನ ಕಣ್ಣೆದುರಿನಲ್ಲಿ ಮಾಡುವುದು ಬೇರೊಂದು. ಆ ಸಂಜೆ ಎಂದೂ ಇಲ್ಲದಷ್ಟು ಹೆದರಿದ್ದೆನೆಂದು ರಾಜರ್ಸ್ ಮುಂದೆ ಬರೆದನು. ಕಾಲವೂ ಹಗುರಾದುದಾಗಿರಲಿಲ್ಲ. ಹಿಂದಿನ ವರ್ಷ ಜರ್ಮನರು ಅಮೆರಿಕನ್ನರೂ ಪ್ರಯಾಣಿಸುತ್ತಿದ್ದ ಲ್ಯೂಸಿಟೇನಿಯ ಹಡಗನ್ನು ಮುಳುಗಿಸಿದ್ದರು. ವಿಲ್ಸನ್ನನು ಪತ್ರದ ಮೇಲೆ ಪತ್ರ ಬರೆದು ಪ್ರತಿಭಟಿಸುತ್ತಿದ್ದನು. 1916ರ ಮಾರ್ಚಿಯಲ್ಲಿ ಮೆಕ್ಸಿಕೋದ ದಂಗೆಯ ನಾಯಕ ಪಾಂಚೊ ವಿಯಾ ಗಡಿಯನ್ನು ದಾಟಿ ಕೊಲಂಬಸ್ ಎಂಬ ಊರಿನ ಮೇಲೆ ಬಿದ್ದಿದ್ದನು. ಅವನನ್ನು ಹಿಡಿಯಲು ಕಳುಹಿಸಿದ ಸೈನ್ಯ ಬರಿಗೈಯಲ್ಲಿ ಅಲೆಯುತ್ತಿದ್ದಿತು. ಸೈನ್ಯಸನ್ನಾಹ ಸಾಲದೆಂದು ದೇಶದ ತುಂಬ ಕೂಗೆದ್ದಿದ್ದಿತು. ರಾಜರ್ಸ್ ಮೊದಲು ತನಗೆ ಅಂಜಿಕೆಯಾಗಿದೆಯೆಂದು ಇದ್ದದ್ದನ್ನು ಇದ್ದಂತೆ ಹೇಳಿದನು. ಸಭೆ ಅವನ ಮುಖವನ್ನು ನೋಡುವ ಬದಲು ಅಧ್ಯಕ್ಷನು ಕುಳಿತ ಕಡೆಗೆ ನೋಡಿತು. ಅಧ್ಯಕ್ಷ ನಕ್ಕರೆ ನಗೋಣ ಎಂದು ಕಾದಿತು. ಸೈನ್ಯದ ಬಳಿ ಇರುವ ಒಂದೇ ಮೆಷಿನ್ ಗನ್ ತರಬೇತಿಗೆ ಹೋಗಿದೆ, ಯುದ್ಧ ಬಂದರೆ ಇನ್ನೊಂದನ್ನು ಯಾರಿಂದಲಾದರೂ ಎರವಲು ತರಬೇಕು ಎಂಬ ಅರ್ಥದ ಮಾತೊಂದನ್ನಾಡಿದನು. ಮತ್ತೆ ಪತ್ರಗಳ ವಿಷಯಕ್ಕೆ ಬಂದು, ಅಧ್ಯಕ್ಷರ ಸ್ಥಿತಿ ಈಗ ಎಷ್ಟೋ ಉತ್ತಮ, ಜರ್ಮನಿಯೊಡನೆ ನಡೆದ ವ್ಯವಹಾರದಲ್ಲಿ ಒಂದು ಕಾಲಕ್ಕೆ ಅವರು ಐದು ಪತ್ರಗಳಷ್ಟು ಹಿಂದೆ ಬಿದ್ದಿದ್ದರು ಎಂದನು. ವಿಲ್ಸನ್ನನು ಮನಸಾರ ನಕ್ಕನು. ತನ್ನ ಮೇಲಿನ ಆ ಹಾಸ್ಯವನ್ನು ಮುಂದೆ ತಾನೇ ಇತರರಿಗೆ ಹೇಳಿಕೊಳ್ಳುತ್ತಿದ್ದನೆಂದೂ ತಿಳಿದುಬರುತ್ತದೆ.

ಇಲ್ಲಿ ವಿಚಾರಮಾಡಬೇಕಾದ ಅಂಶವೊಂದಿದೆ. ಆ ರಾತ್ರಿಯ ಮಾತುಗಳಲ್ಲಿ ಒಂದೂ ವಿಲ್ಸನ್ನನ ಶರೀರವನ್ನಾಗಲಿ ಸಂಸಾರವನ್ನಾಗಲಿ ಮುಟ್ಟಲಿಲ್ಲ. ದೇಶದ ಪತ್ರಿಕೆಗಳು ಗಂಟಲು ಹರಿಯುವಂತೆ ಕೂಗಿ ಹೇಳಿದ್ದನ್ನೇ ಅವನು ಮೆಲುದನಿಯಲ್ಲಿ ಹೇಳಿದನು. ಯುದ್ಧಸಿದ್ಧತೆಯನ್ನು ಕುರಿತು ಅಂದು ಮುದ್ರಿತವಾದ ಸಂಪಾದಕೀಯಗಳನ್ನು ಇಂದು ಯಾರೂ ಓದುವುದಿಲ್ಲ. ಎರವಲು ತರಬೇಕಾದ ಆ ಬಂದೂಕು ಮಾತ್ರ ಓದುವವರ ಕಣ್ಣಮುಂದೆ ನಿಲ್ಲುತ್ತದೆ. ಎಲ್ಲ ಅಧ್ಯಕ್ಷರೂ ವಿಲ್ಸನ್ನನಂತಿರಲಿಲ್ಲ. ತನ್ನ ಗಾಲ್ಫ್ ಆಟದ ಮೇಲಿನ ಹಾಸ್ಯ ಹಾರ್ಡಿಂಗನಿಗೆ ರುಚಿಸಲಿಲ್ಲ. 1922ರಲ್ಲಿ ರಾಜರ್ಸ್ ವಾಷಿಂಗ್‌ಟನ್ನಿಗೆ ಬಂದಾಗ ಹಾರ್ಡಿಂಗನು ಬೇರೆ ನಾಟಕಶಾಲೆಗೆ ಹೋದನು. 1928ರ ಜನವರಿಯಲ್ಲಿ ದೇಶಕ್ಕೆಲ್ಲ ಕೇಳಿಸಿದ ರೇಡಿಯೋ ಕಾರ್ಯಕ್ರಮವೊಂದರಲ್ಲಿ ರಾಜರ್ಸ್ ಅಧ್ಯಕ್ಷ ಕೂಲಿಜ್ಜನ ಧ್ವನಿಯನ್ನು ಅನುಕರಿಸಿ ಮಾತನಾಡಲು, ಅನೇಕರು ಅಧ್ಯಕ್ಷನೇ ಮಾತನಾಡಿದನೆಂದು ನಂಬಿಬಿಟ್ಟರು. ರಾಜರ್ಸ್ ಕ್ಷಮೆ ಬೇಡಿ ಬರೆಯಲು, ಚಿಂತಿಸಬೇಡವೆಂದು ಕೂಲಿಜ್ಜನು ಸಮಾಧಾನದಿಂದ ಉತ್ತರಕೊಟ್ಟನು.

1922ರ ಡಿಸೆಂಬರಿನಿಂದ ವಾರಕ್ಕೊಂದು ಲೇಖನ, 1926ರಿಂದ ದಿನಕ್ಕೊಂದು ತಂತಿ ಸಂದೇಶ, ಹೀಗೆ ಪತ್ರಿಕೆಯನ್ನೋದಿ ಬದುಕಿದವನು ಪತ್ರಿಕೆಯನ್ನು ತುಂಬುವವನೂ ಆದನು. ಆ ದಿನವಹಿ ಸಂದೇಶಗಳ ಸಂಖ್ಯೆಯೇ 2,800ನ್ನು ಮುಟ್ಟಿತು. ಅವುಗಳ ಬಹುಭಾಗವನ್ನು ಇಂದು ಟಿಪ್ಪಣಿಯ ಸಹಾಯವಿಲ್ಲದೆ ಓದಲಾಗುವುದಿಲ್ಲ. ಆಯಾ ದಿನದ ಸೆನೆಟರು, ಆಯಾ ದಿನದ ಸುಂಕದ ಮಸೂದೆ, ಎಲ್ಲವೂ ಮರೆತುಹೋಗಿವೆ. ವಾರ್ತೆಯನ್ನು ಉಂಡು ಬೆಳೆದ ನಗೆ ವಾರ್ತೆಯೊಡನೆಯೇ ಹಳಸುತ್ತದೆ. 1928ರಲ್ಲಿ ಲೈಫ್ ಪತ್ರಿಕೆಯ ಮೂಲಕ ಅವನು ಪೊಳ್ಳುಮಾತನ್ನು ವಿರೋಧಿಸುವ ಪಕ್ಷವೊಂದನ್ನು ಹೂಡಿ ಅಧ್ಯಕ್ಷಪದವಿಗೆ ನಿಂತು, ಗೆದ್ದರೆ ಆ ಕ್ಷಣವೇ ರಾಜೀನಾಮೆ ಕೊಡುವೆನೆಂಬ ಒಂದೇ ವಾಗ್ದಾನವನ್ನು ಮಾಡಿದ್ದು ಈಗಲೂ ಅರ್ಥವಾಗುತ್ತದೆ. 1933ರಲ್ಲಿ ಆರಂಭವಾದ ಅವನ ಭಾನುವಾರದ ರೇಡಿಯೋ ಭಾಷಣಗಳಿಗೆ ಕಾಲಮಿತಿಯಿದ್ದುದರಿಂದ ಎದುರಿಗೊಂದು ಅಲಾರಂ ಗಡಿಯಾರವನ್ನಿಟ್ಟುಕೊಂಡು, ಅದು ಹೊಡೆದ ಕೂಡಲೆ, ಮಾತು ಎಲ್ಲಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದನು.

ಆದರೆ ಇವನ ಬಾಳಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ನಗೆಯಿಲ್ಲದ ಒಂದು ಪ್ರಸಂಗ. 1931ರ ಜನವರಿಯಲ್ಲಿ, ಕ್ಷಾಮ ಮತ್ತು ಆರ್ಥಿಕ ಮುಗ್ಗಟ್ಟು ಎರಡೂ ಕೂಡಿಬಂದ ಅರ್ಕನ್ಸಾ ಸಂಸ್ಥಾನದ ಇಂಗ್ಲೆಂಡ್ ಎಂಬ ಸಣ್ಣ ಊರಿಗೆ ಹಸಿದ ಒಕ್ಕಲುಮಕ್ಕಳು ಗುಂಪಾಗಿ ಬಂದು ಅಂಗಡಿಗಳ ಮುಂದೆ ಅನ್ನ ಕೇಳಿದರೆಂಬ ವಾರ್ತೆ ಪತ್ರಿಕೆಗಳಲ್ಲಿ ಬಂದಿತು. ಎಂದಿನಂತೆ ಅದನ್ನೂ ಒಂದು ಮಾತಾಗಿ ಮಾಡಿ ಮುಗಿಸಬಹುದಾಗಿದ್ದಿತು. ಅವನು ವಾಷಿಂಗ್‌ಟನ್ನಿಗೆ ಹೋಗಿ ಅಧ್ಯಕ್ಷ ಹೂವರನನ್ನು ಕಂಡು ಸರ್ಕಾರವೇ ನೆರವು ಕೊಡಬೇಕೆಂದು ಕೇಳಿದನು, ಹೂವರನು ಒಪ್ಪಲಿಲ್ಲ. ಆಮೇಲೆ ಅವನು ಓಕ್ಲಹೋಮಾ, ಟೆಕ್ಸಸ್, ಅರ್ಕನ್ಸಾಗಳಲ್ಲಿ ಊರಿಂದೂರಿಗೆ ಹಾರಿ ಪ್ರದರ್ಶನಗಳನ್ನು ಕೊಟ್ಟು, ಬಂದ ಹಣವನ್ನು ರೆಡ್ ಕ್ರಾಸಿನ ಮೂಲಕ ನೊಂದವರಿಗೆ ಮುಟ್ಟಿಸಿದನು.

ಇಷ್ಟನ್ನು ಹೇಳಿದ ಮೇಲೆ ಇನ್ನೊಂದನ್ನು ಮುಚ್ಚಿಡುವುದು ನ್ಯಾಯವಲ್ಲ. 1934ರ ಜನವರಿಯಲ್ಲಿ ರೇಡಿಯೋದಲ್ಲಿ ಮಾತನಾಡುತ್ತ ಅವನು ನೀಗ್ರೋ ಜನರ ಹಾಡುಗಳನ್ನು ಕುರಿತು ಹೇಳುವಾಗ ಅವರನ್ನು ಹೀನಾಯವಾಗಿ ಕರೆಯುವ ಶಬ್ದವನ್ನು ಬಳಸಿದನು. ಆ ಜನರ ಪತ್ರಿಕೆಗಳೂ ಸಂಘಗಳೂ ಪ್ರತಿಭಟಿಸಿದುವು. ಪ್ರತಿಭಟನೆಗೆ ತಕ್ಕ ಪಶ್ಚಾತ್ತಾಪ ಅವನಿಂದ ಬರಲಿಲ್ಲ. ಮನೆಮಠ ಕಳೆದುಕೊಂಡ ಜನಾಂಗದಲ್ಲಿ ಹುಟ್ಟಿ, ಅಧ್ಯಕ್ಷನಿಗೂ ನೋವಾಗದಂತೆ ಮಾತನ್ನು ತೂಗಿ ಆಡಬಲ್ಲವನಾಗಿ, ತನ್ನ ಕೈಗೆ ಮೊದಲು ಹಗ್ಗ ಕೊಟ್ಟವನ ಕುಲದವರ ಮುಂದೆ ಆ ತೂಕವನ್ನು ಮರೆತನೆಂಬುದು ಅವನನ್ನು ಪ್ರೀತಿಸುವವರಿಗೆ ದುಃಖದ ವಿಷಯ.

1935ರ ಆಗಸ್ಟ್ 15ರಂದು, ವೈಲಿ ಪೋಸ್ಟ್ ಎಂಬ ಪ್ರಖ್ಯಾತ ವೈಮಾನಿಕನೊಡನೆ ಹಾರುತ್ತಿದ್ದಾಗ, ಅಲಾಸ್ಕದ ಉತ್ತರ ತುದಿಯ ಪಾಯಿಂಟ್ ಬ್ಯಾರೋ ಬಳಿ ವಿಮಾನ ಬಿದ್ದು ಇಬ್ಬರೂ ಮಡಿದರು. ಅವನಿಗೆ 55 ವರ್ಷ ವಯಸ್ಸು. 1939ರಲ್ಲಿ ಓಕ್ಲಹೋಮಾ ಅವನ ಕಂಚಿನ ಪ್ರತಿಮೆಯನ್ನು ವಾಷಿಂಗ್‌ಟನ್ನಿನ ಶಾಸನಸಭಾ ಭವನಕ್ಕೆ ಕೊಟ್ಟಿತು. ಅದು ಪ್ರತಿನಿಧಿಸಭೆಯ ಬಾಗಿಲಿಗೆ ಮುಖಮಾಡಿ ನಿಂತಿದೆ.

ಅವನು ಹೋದ ಮೇಲೆ ಈ ಕಸುಬು ಹಲವು ವರ್ಷ ಸೊರಗಿದ್ದಿತು. ಎರಡನೆಯ ಮಹಾಯುದ್ಧ ಮುಗಿದು, ಕಂಡವರನ್ನೆಲ್ಲ ಕಮ್ಯೂನಿಸ್ಟರೆನ್ನುತ್ತಿದ್ದ ಸೆನೆಟರ್ ಮೆಕಾರ್ಥಿಯ ಆರೋಪಗಳಿಗೆ ಹೆದರಿ ವಿದ್ಯಾವಂತರೂ ಬಾಯಿಗೆ ಬೀಗ ಹಾಕಿಕೊಂಡಿದ್ದ ಕಾಲದಲ್ಲಿ, 1953ರ ಡಿಸೆಂಬರಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ‘ಹಂಗ್ರಿ ಐ’ ಎಂಬ ನೆಲಮಾಳಿಗೆಯ ಕೂಟದಲ್ಲಿ ಮಾರ್ಟ್ ಸಾಲ್ ಎಂಬ ಇಪ್ಪತ್ತಾರರ ಯುವಕನು ವೇದಿಕೆಯನ್ನೇರಿದನು. ವಿನೋದಗಾರರೆಲ್ಲ ಒಳ್ಳೆಯ ಸೂಟು ತೊಡುತ್ತಿದ್ದ ದಿನಗಳಲ್ಲಿ ಅವನು ವಿದ್ಯಾರ್ಥಿಯಂತೆ ಸ್ವೆಟರ್ ತೊಟ್ಟು ಬಂದನು. ಅಂದಿನ ಅಧ್ಯಕ್ಷ ಐಸೆನ್‌ಹೋವರ್ ಹೆಸರಿನ ಸೈನಿಕ ಅಂಗಿಯೊಂದು ಆಗ ಬಳಕೆಯಲ್ಲಿದ್ದಿತು. ಮೆಕಾರ್ಥಿ ಹೆಸರಿನ ಅಂಗಿಯೂ ಅದರಂತೆಯೇ, ಬಾಯಿಯ ಮೇಲೆ ಎಳೆದು ಗುಂಡಿ ಹಾಕಿಕೊಳ್ಳುವ ಪಟ್ಟಿಯೊಂದು ಮಾತ್ರ ಹೆಚ್ಚು, ಎಂಬ ಭಾವದ ಮಾತನ್ನಾಡಿದನು. ಮಾತಿನ ಸರಣಿ ಮರೆತುಹೋಗದಿರಲೆಂದು ಗುರುತುಗಳನ್ನು ಬರೆದು ಮರೆಮಾಡಿಕೊಳ್ಳಲು ಅವನಿಗೊಂದು ಸಾಧನ ಬೇಕಾಗಿದ್ದಿತು. ರಾಜರ್ಸನ ಕೈಯಲ್ಲಿ ಹಗ್ಗವಿದ್ದಲ್ಲಿ ಇವನ ಕೈಯಲ್ಲಿ, ಸುರುಳಿಯಾಗಿ ಮಡಿಸಿದ ಅಂದಿನ ವೃತ್ತಪತ್ರಿಕೆಯಿದ್ದಿತು.