ಸರಪಳಿ ಗಟ್ಟಿಯೋ, ಹಗ್ಗ ಗಟ್ಟಿಯೋ? ಗಣಿಗಳು ಕೊಟ್ಟ ಉತ್ತರ

ಕಬ್ಬಿಣದ ದಪ್ಪ ಸರಪಳಿಯ ಮುಂದೆ ಯಾವ ಹಗ್ಗವೂ ನಿಲ್ಲದು ಎಂಬುದು ಹಲವರ ನಂಬಿಕೆ. ಹಾಗಿದ್ದರೆ ಲಿಫ್ಟ್, ರೋಪ್‌ವೇ, ದೊಡ್ಡ ಕ್ರೇನ್‌ಗಳಲ್ಲಿ ಹೆಚ್ಚಾಗಿ ಉಕ್ಕಿನ ತಂತಿಹಗ್ಗವನ್ನೇ ಏಕೆ ಬಳಸುತ್ತಾರೆ? ಉತ್ತರ ಸಿಕ್ಕಿದ್ದು ಜರ್ಮನಿಯ ಹಾರ್ಜ್ ಬೆಟ್ಟಗಳ ಗಣಿಗಳಲ್ಲಿ.

ಹಗ್ಗ ಕೊಳೆಯಿತು, ಸರಪಳಿ ತುಂಡಾಯಿತು

ಅಲ್ಲಿ ಅದಿರನ್ನು ಮೇಲೆತ್ತಲು ಮೊದಲು ಹೆಂಪ್ ಗಿಡದ ನಾರಿನಿಂದ ಹೊಸೆದ ಹಗ್ಗವಿತ್ತು. ಗಣಿಯೊಳಗಿನ ತೇವಕ್ಕೆ ಅದು ಕೊಳೆಯುತ್ತಿತ್ತು. ಕಬ್ಬಿಣದ ಸರಪಳಿಯ ತೊಂದರೆಯೇ ಬೇರೆ. ಅದರ ಒಂದೇ ಒಂದು ಕೊಂಡಿ ಮುರಿದರೂ ಇಡೀ ಹೊರೆ ಕೆಳಗೆ ಬೀಳುತ್ತದೆ. ಗಣಿ ಆಳವಾದಷ್ಟೂ ಸರಪಳಿ ತನ್ನದೇ ಭಾರವನ್ನೂ ಹೊರಬೇಕು.

ಕ್ಲೌಸ್ಟಾಲ್‌ನ ಗಣಿ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟ್ ಸರಪಳಿಗಳ ಮೇಲೆ ಮತ್ತೆ ಮತ್ತೆ ಭಾರ ಹೇರಿ ಪರೀಕ್ಷಿಸಿದರು. ಒಮ್ಮೆ ಸುಲಭವಾಗಿ ಹೊತ್ತ ಭಾರವನ್ನೇ ಸಾವಿರಾರು ಸಲ ಹೊತ್ತಾಗ ಕಬ್ಬಿಣ ಸೋಲುತ್ತದೆ ಎಂಬುದು ಅವರಿಗೆ ಕಂಡಿತು. ಇದನ್ನೇ ಇಂದು ‘ಲೋಹದ ದಣಿವು’ ಎನ್ನುತ್ತೇವೆ.

1834ರಲ್ಲಿ ಬಂದ ತಂತಿಹಗ್ಗ

ಆಲ್ಬರ್ಟ್ 3.5 ಮಿ.ಮೀ. ದಪ್ಪದ 4 ಕಬ್ಬಿಣದ ತಂತಿಗಳನ್ನು ಹೊಸೆದು ಒಂದು ಎಳೆ ಮಾಡಿಸಿದರು. ಅಂಥ 3 ಎಳೆಗಳನ್ನು ಸೇರಿಸಿ ಹೊಸೆದಾಗ ಹಗ್ಗ ಸಿದ್ಧವಾಯಿತು. ಎಲ್ಲವೂ ಕೈಕೆಲಸ. 1834ರ ಜುಲೈನಲ್ಲಿ ಕ್ಲೌಸ್ಟಾಲ್‌ನ ಕ್ಯಾರೋಲಿನ್ ಗಣಿಯಲ್ಲಿ ಅದು ಕೆಲಸ ಶುರು ಮಾಡಿತು. 1840ರ ದಶಕದಲ್ಲಿ ಬ್ರಿಟನ್ ಮತ್ತು ಅಮೆರಿಕದಲ್ಲೂ ತಂತಿಹಗ್ಗ ತಯಾರಾಗತೊಡಗಿತು.

ಗುಟ್ಟು ಏನು?

ತಂತಿಹಗ್ಗದಲ್ಲಿ ಒಂದು ತಂತಿ ತುಂಡಾದರೆ ಅದರ ಪಾಲಿನ ಭಾರವನ್ನು ಅಕ್ಕಪಕ್ಕದ ತಂತಿಗಳು ಹಂಚಿಕೊಳ್ಳುತ್ತವೆ. ಹೊಸೆದ ಬಿಗಿಗೆ ತಂತಿಗಳು ಒಂದನ್ನೊಂದು ಒತ್ತಿ ಹಿಡಿದಿರುವುದರಿಂದ, ತುಂಡಾದ ತಂತಿಯೂ ಸ್ವಲ್ಪ ದೂರದಾಚೆಗೆ ಮತ್ತೆ ಭಾರ ಹೊರುತ್ತದೆ. ಅಂದರೆ ಹಗ್ಗ ಹರಿಯುವ ಮೊದಲು ಸಾಮಾನ್ಯವಾಗಿ ಸೂಚನೆ ಕೊಡುತ್ತದೆ. 3 ಕಿ.ಮೀ.ಗೂ ಹೆಚ್ಚು ಆಳಕ್ಕಿಳಿದಿದ್ದ ನಮ್ಮ ಕೋಲಾರದ ಚಿನ್ನದ ಗಣಿಯಲ್ಲೂ ಕಾರ್ಮಿಕರ ಜೀವ ನಿಂತಿದ್ದದ್ದು ಇಂಥ ಹಗ್ಗಗಳ ಮೇಲೆಯೇ.

ಹಾಗಾದರೆ ಇದು ಹರಿಯುವುದೇ ಇಲ್ಲವೇ?

ಹರಿಯುತ್ತದೆ. ತುಕ್ಕು ಮತ್ತು ದಣಿವು ಉಕ್ಕನ್ನೂ ಬಿಡುವುದಿಲ್ಲ. ಒಳಗಿನ ತುಕ್ಕು ಹೊರಗೆ ಕಾಣದೆಯೂ ಇರಬಹುದು. ಅದಕ್ಕೇ ಗಣಿಗಳಲ್ಲಿ ಹಗ್ಗವನ್ನು ಆಗಾಗ ಪರೀಕ್ಷಿಸಿ, ಹರಿಯುವ ಮೊದಲೇ ಬದಲಿಸುತ್ತಾರೆ. ಕಟ್ಟಡದ ಕೆಲಸದ ಜಾಗದಲ್ಲಿ ಹೊರೆ ಎತ್ತುವ ಹಗ್ಗದಿಂದ ತುಂಡು ತಂತಿಗಳು ಹೊರಚಾಚಿರುವುದು ಕಂಡರೆ ಕೆಳಗೆ ನಿಲ್ಲಬೇಡಿ, ಮೇಲ್ವಿಚಾರಕರಿಗೆ ತಿಳಿಸಿ. ಹಗ್ಗ ಕೊಡುವ ಸೂಚನೆಯನ್ನು ಯಾರಾದರೂ ಗಮನಿಸಿದರಷ್ಟೇ ಪ್ರಯೋಜನ.