ಅನುಮತಿಯೂ ಹೌದು, ಶಿಕ್ಷೆಯೂ ಹೌದು: ‘ಸ್ಯಾಂಕ್ಷನ್’ ಪದದ ಇಬ್ಬಗೆಯ ಅರ್ಥ

ಬ್ಯಾಂಕಿನಲ್ಲಿ ಸಾಲ ‘ಸ್ಯಾಂಕ್ಷನ್’ ಆಯಿತೆಂದರೆ ಮನೆಮಂದಿಗೆಲ್ಲ ಸಂತಸ. ಅದೇ ದಿನ ಪತ್ರಿಕೆಯ ವಿದೇಶ ಪುಟದಲ್ಲಿ ಒಂದು ದೇಶದ ಬ್ಯಾಂಕಿನ ಮೇಲೆ ‘ಸ್ಯಾಂಕ್ಷನ್’ ಹೇರಲಾಗಿದೆ ಎಂಬ ಸುದ್ದಿಯಿದ್ದರೆ, ಆ ಬ್ಯಾಂಕಿನ ವಹಿವಾಟಿಗೆ ಕಂಟಕ ಎದುರಾಗಿದೆ ಎಂದೇ ಅರ್ಥ. ಮೊದಲನೆಯದು ಮಂಜೂರಾತಿ, ಎರಡನೆಯದು ದಂಡನೆ. ಪದ ಮಾತ್ರ ಒಂದೇ.

ಕನ್ನಡಿಗರ ದಿನಬಳಕೆಯಲ್ಲಿ ಬೆರೆತುಹೋಗಿರುವ ಇಂಗ್ಲಿಷ್ ಪದಗಳಲ್ಲಿ ‘ಸ್ಯಾಂಕ್ಷನ್’ ಕೂಡ ಒಂದು. ತಾಲ್ಲೂಕು ಕಚೇರಿಯಿಂದ ವಿಧಾನಸೌಧದವರೆಗೆ, ಬ್ಯಾಂಕಿನಿಂದ ನ್ಯಾಯಾಲಯದವರೆಗೆ ಇದರ ಸಂಚಾರವಿದೆ. ಪರಸ್ಪರ ವಿರುದ್ಧವಾದ ಎರಡು ಅರ್ಥಗಳನ್ನು ಒಂದೇ ಪದ ಹೊತ್ತುಕೊಂಡಿರುವುದು ಹೇಗೆ? ಇದಕ್ಕೆ ಉತ್ತರ ಹುಡುಕಲು ರೋಮನ್ನರ ಕಾಲಕ್ಕೆ ಹೋಗಬೇಕಾಗುತ್ತದೆ.

ಮೂಲ ಎಲ್ಲಿ?

‘ಸ್ಯಾಂಕ್ಷನ್’ ಪದದ ಬೇರು ಲ್ಯಾಟಿನ್ ಭಾಷೆಯ ‘ಸಾಂಕೀರೆ’ ಎಂಬ ಕ್ರಿಯಾಪದ. ಪವಿತ್ರವಾಗಿಸು, ಯಾರೂ ಮೀರಲಾಗದಂತೆ ವಿಧಿಸು ಎಂಬುದು ಅದರ ಅರ್ಥ. ಸಂತ ಎಂಬರ್ಥದ ‘ಸೇಂಟ್’, ಆಶ್ರಯತಾಣ ಎಂಬರ್ಥದ ‘ಸ್ಯಾಂಕ್ಚುಯರಿ’ ಪದಗಳೂ ಇದೇ ಕುಲದವು. ವನ್ಯಜೀವಿಧಾಮಕ್ಕೆ ‘ಸ್ಯಾಂಕ್ಚುಯರಿ’ ಎನ್ನುವಾಗಲೂ ಮುಟ್ಟಬಾರದ ಜಾಗ ಎಂಬ ಹಳೆಯ ಭಾವವೇ ಅಲ್ಲಿ ಉಳಿದಿದೆ.

ರೋಮನ್ ಕಾನೂನಿನಲ್ಲಿ ‘ಸಾಂಕ್ತಿಯೊ’ ಎಂಬುದಕ್ಕೆ ನಿರ್ದಿಷ್ಟ ಅರ್ಥವಿತ್ತು. ಕಾನೂನನ್ನು ಉಲ್ಲಂಘಿಸಿದವರಿಗೆ ಯಾವ ಶಿಕ್ಷೆ ಎಂಬುದನ್ನು ಹೇಳುವ ಭಾಗಕ್ಕೆ ಆ ಹೆಸರು. ಜಸ್ಟಿನಿಯನ್ ಚಕ್ರವರ್ತಿಯ ಆಜ್ಞೆಯಂತೆ ಕ್ರಿ.ಶ. 533ರಲ್ಲಿ ಹೊರಬಂದ ‘ಇನ್‌ಸ್ಟಿಟ್ಯೂಟ್ಸ್’ ಎಂಬ ಕಾನೂನು ಪಠ್ಯದಲ್ಲಿ ಇದರ ವಿವರಣೆಯಿದೆ. ನಗರದ ಕೋಟೆಗೋಡೆ ಮತ್ತು ಬಾಗಿಲುಗಳಿಗೆ ಹಾನಿ ಮಾಡಿದವರಿಗೆ ಮರಣದಂಡನೆ ವಿಧಿಸಲಾಗುತ್ತಿದ್ದುದರಿಂದ ಅವು ಪವಿತ್ರ ಎನಿಸಿಕೊಂಡವು. ಕಾನೂನಿನಲ್ಲಿ ದಂಡನೆಯನ್ನು ಗೊತ್ತುಪಡಿಸುವ ಭಾಗಕ್ಕೆ ‘ಸಾಂಕ್ತಿಯೊ’ ಎನ್ನುವುದೂ ಇದೇ ಕಾರಣಕ್ಕೆ ಎಂದು ಆ ಪಠ್ಯ ಹೇಳುತ್ತದೆ.

ಅಂದರೆ ಆರಂಭದಲ್ಲಿ ಈ ಪದಕ್ಕೆ ಎರಡು ಅರ್ಥಗಳಿರಲಿಲ್ಲ. ಅಧಿಕಾರದ ಮುದ್ರೆ ಬಿದ್ದ ಕಟ್ಟಳೆ ಮತ್ತು ಅದನ್ನು ಕಾಯುವ ದಂಡ, ಇವೆರಡೂ ಒಂದೇ ಕ್ರಿಯೆಯ ಎರಡು ಮುಖಗಳಾಗಿದ್ದವು. ಕಾಲಾನಂತರ ಮುದ್ರೆಯ ಮುಖ ‘ಅನುಮತಿ’ಯಾಯಿತು, ದಂಡದ ಮುಖ ‘ನಿರ್ಬಂಧ’ವಾಯಿತು.

ಕನ್ನಡ ಶಾಸನಗಳಲ್ಲೂ ಇದೇ ಜೋಡಿ

ಈ ಜೋಡಣೆ ಕನ್ನಡಿಗರಿಗೆ ಅಪರಿಚಿತವೇನಲ್ಲ. ಶಾಸನ, ಶಾಸ್ತ್ರ, ಶಾಸ್ತಿ ಈ ಮೂರೂ ಸಂಸ್ಕೃತದ ‘ಶಾಸ್’ ಧಾತುವಿನಿಂದಲೇ ಬಂದಿವೆ. ರಾಜಾಜ್ಞೆಗೆ ಶಾಸನ ಎಂದರೆ, ಮಾಡಿದ ತಪ್ಪಿಗೆ ಸಿಗುವ ಶಿಕ್ಷೆಗೆ ‘ತಕ್ಕ ಶಾಸ್ತಿ’ ಎನ್ನುತ್ತೇವೆ.

ರಾಜ್ಯದ ಊರೂರುಗಳಲ್ಲಿ ದೊರೆತಿರುವ ದಾನಶಾಸನಗಳ ರಚನೆಯೂ ಹೀಗೆಯೇ ಇದೆ. ಮೊದಲು ಭೂಮಿಯನ್ನೋ ಗ್ರಾಮವನ್ನೋ ದತ್ತಿಯಾಗಿ ಕೊಟ್ಟ ವಿವರ. ಕೊನೆಯಲ್ಲಿ ಆ ದತ್ತಿಯನ್ನು ಕಾಪಾಡಿದವರಿಗೆ ಪುಣ್ಯ, ಅಳಿದವರಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಎಂಬ ಶಾಪಾಶಯ. ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ, ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲಿಯೂ ದತ್ತಿಯ ಜೊತೆಗೆ ಅದನ್ನು ಕದ್ದವರಿಗೆ ಮಹಾಪಾತಕದ ಎಚ್ಚರಿಕೆ ಇದೆ. ಮಂಜೂರಾತಿ ಮತ್ತು ದಂಡನೆ ಒಂದೇ ಕಲ್ಲಿನ ಮೇಲಿವೆ. ರೋಮನ್ನರು ‘ಸಾಂಕ್ತಿಯೊ’ ಎಂದದ್ದೂ ಈ ಕೊನೆಯ ಭಾಗಕ್ಕೇ.

ಇಂಗ್ಲಿಷಿಗೆ ಬಂದ ಬಗೆ

ಫ್ರೆಂಚ್ ಮತ್ತು ಲ್ಯಾಟಿನ್ ಮೂಲಕ 16ನೇ ಶತಮಾನದ ಹೊತ್ತಿಗೆ ಈ ಪದ ಇಂಗ್ಲಿಷಿನಲ್ಲಿ ಬಳಕೆಗೆ ಬಂತು. ಆಗ ಅದಕ್ಕೆ ಕಟ್ಟಳೆ, ರಾಜಾಜ್ಞೆ ಎಂಬ ಅರ್ಥವಷ್ಟೇ ಇತ್ತು. 17ನೇ ಶತಮಾನದಲ್ಲಿ ದಂಡನೆಯ ಅರ್ಥ ಸೇರಿಕೊಂಡಿತು. ಅಧಿಕೃತ ಒಪ್ಪಿಗೆ ಎಂಬ ಅರ್ಥ 18ನೇ ಶತಮಾನದಲ್ಲಿ ನೆಲೆಯೂರಿತು.

ರಾಜಾಜ್ಞೆ ಎಂಬ ಹಳೆಯ ಅರ್ಥದ ಪ್ರಸಿದ್ಧ ಉದಾಹರಣೆಯೊಂದು ಇತಿಹಾಸದ ಪಠ್ಯಗಳಲ್ಲಿದೆ. ಹ್ಯಾಬ್ಸ್‌ಬರ್ಗ್ ವಂಶದ ಚಕ್ರವರ್ತಿ ಆರನೇ ಚಾರ್ಲ್ಸ್ 1713ರಲ್ಲಿ ಹೊರಡಿಸಿದ ‘ಪ್ರಾಗ್ಮ್ಯಾಟಿಕ್ ಸ್ಯಾಂಕ್ಷನ್’ ಹೆಣ್ಣುಮಕ್ಕಳಿಗೂ ರಾಜ್ಯದ ಉತ್ತರಾಧಿಕಾರ ದೊರೆಯುವಂತೆ ಮಾಡಿತು. 1740ರಲ್ಲಿ ಚಾರ್ಲ್ಸ್ ತೀರಿಕೊಂಡಾಗ ಮಗಳು ಮರಿಯಾ ತೆರೇಸಾಳ ಹಕ್ಕನ್ನು ಕೆಲವು ದೊರೆಗಳು ಪ್ರಶ್ನಿಸಿದರು. ಯುರೋಪಿನಲ್ಲಿ ಯುದ್ಧ ಭುಗಿಲೆದ್ದಿತು. ಅದರ ಕಿಡಿ ದಕ್ಷಿಣ ಭಾರತಕ್ಕೂ ಹಾರಿ, ಬ್ರಿಟಿಷರು ಮತ್ತು ಫ್ರೆಂಚರ ನಡುವೆ ಮೊದಲ ಕರ್ನಾಟಿಕ್ ಯುದ್ಧ ನಡೆಯಿತು. 1746ರಲ್ಲಿ ಮದರಾಸು ಫ್ರೆಂಚರ ವಶವಾಯಿತು.

ಬ್ರಿಟಿಷ್ ಚಿಂತಕ ಜೆರೆಮಿ ಬೆಂಥಮ್ 1789ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮನುಷ್ಯನ ನಡತೆಯನ್ನು ಹಿಡಿದಿಡುವ ನಾಲ್ಕು ಬಗೆಯ ‘ಸ್ಯಾಂಕ್ಷನ್’ಗಳನ್ನು ಪಟ್ಟಿ ಮಾಡಿದ: ಭೌತಿಕ, ರಾಜಕೀಯ, ನೈತಿಕ ಮತ್ತು ಧಾರ್ಮಿಕ. ಸುಖ, ದುಃಖ ಎರಡೂ ಅವನ ಲೆಕ್ಕದಲ್ಲಿದ್ದವು. ಅವನ ನಂತರದ ಕಾನೂನು ತಜ್ಞ ಜಾನ್ ಆಸ್ಟಿನ್ 1832ರಲ್ಲಿ ಈ ಪದವನ್ನು ಆಜ್ಞೆ ಮೀರಿದವನಿಗೆ ಆಗುವ ಕೆಡುಕಿಗಷ್ಟೇ ಸೀಮಿತಗೊಳಿಸಿದ. ಕಾನೂನು ಶಾಸ್ತ್ರದಲ್ಲಿ ಇಂದಿಗೂ ದಂಡನೆಯ ಅರ್ಥವೇ ಮುಂದಿದೆ.

ದೇಶಗಳ ಮೇಲಿನ ನಿರ್ಬಂಧ

ಅಂತರರಾಷ್ಟ್ರೀಯ ರಾಜಕಾರಣಕ್ಕೆ ಈ ಪದ ಕಾಲಿಟ್ಟದ್ದು ಮೊದಲ ಮಹಾಯುದ್ಧದ ನಂತರ. ಇಥಿಯೋಪಿಯಾದ ಮೇಲೆ ದಾಳಿ ಮಾಡಿದ ಇಟಲಿಯ ವಿರುದ್ಧ 1935ರ ನವೆಂಬರ್‌ನಲ್ಲಿ ರಾಷ್ಟ್ರಗಳ ಒಕ್ಕೂಟ ನಿರ್ಬಂಧ ಹೇರಿತು. ಆದರೆ ತೈಲವನ್ನು ಪಟ್ಟಿಯಿಂದ ಹೊರಗಿಟ್ಟ ಕಾರಣ ಅದು ಹಲ್ಲಿಲ್ಲದ ಹಾವಾಯಿತು. 1936ರ ಜುಲೈನಲ್ಲಿ ನಿರ್ಬಂಧ ತೆರವಾಯಿತು.

ಸ್ವಾರಸ್ಯದ ಸಂಗತಿಯೆಂದರೆ, ಇಂದಿನ ವಿಶ್ವಸಂಸ್ಥೆಯ ನಿರ್ಬಂಧಗಳಿಗೆ ಆಧಾರವಾಗಿರುವ ಸನ್ನದಿನ 41ನೇ ವಿಧಿಯಲ್ಲಿ ‘ಸ್ಯಾಂಕ್ಷನ್’ ಎಂಬ ಪದವೇ ಇಲ್ಲ. ಸೇನಾಬಲ ಬಳಸದ ಕ್ರಮಗಳು ಎಂದಷ್ಟೇ ಅಲ್ಲಿ ಹೇಳಲಾಗಿದೆ.

ಕರ್ನಾಟಕಕ್ಕೂ ಈ ಪದದ ಕಹಿ ತಟ್ಟಿದೆ. ಕ್ರಯೋಜೆನಿಕ್ ತಂತ್ರಜ್ಞಾನದ ಒಪ್ಪಂದಕ್ಕಾಗಿ 1992ರ ಮೇ ತಿಂಗಳಲ್ಲಿ ಅಮೆರಿಕವು ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಇಸ್ರೋ ಮತ್ತು ರಷ್ಯಾದ ಗ್ಲಾವ್‌ಕಾಸ್ಮೋಸ್ ಮೇಲೆ ಎರಡು ವರ್ಷಗಳ ನಿರ್ಬಂಧ ವಿಧಿಸಿತು. ಸ್ವದೇಶಿ ಕ್ರಯೋಜೆನಿಕ್ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ ಯಶಸ್ವಿಯಾಗಿ ಹಾರಿದ್ದು 2014ರ ಜನವರಿ 5ರಂದು.

1998ರ ಮೇ ತಿಂಗಳ ಪೋಖ್ರಾನ್ ಅಣು ಪರೀಕ್ಷೆಯ ಬಳಿಕ ಅಮೆರಿಕ ಮತ್ತೆ ನಿರ್ಬಂಧ ಹೇರಿತು. ಲಘು ಯುದ್ಧ ವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಗಾಗಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಭಾರತೀಯ ಎಂಜಿನಿಯರುಗಳು ಅರ್ಧಕ್ಕೇ ಮರಳಬೇಕಾಯಿತು. ಮುಂದೆ ‘ತೇಜಸ್’ ಎಂದು ಹೆಸರಾದ ಆ ವಿಮಾನ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ಮೊದಲು ಹಾರಿದ್ದು 2001ರ ಜನವರಿ 4ರಂದು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಣು ಪರೀಕ್ಷೆಗೆ ಸಂಬಂಧಿಸಿದ ನಿರ್ಬಂಧಗಳನ್ನು ಅಮೆರಿಕ ತೆರವುಗೊಳಿಸಿತು.

ಕಚೇರಿ, ನ್ಯಾಯಾಲಯದ ‘ಸ್ಯಾಂಕ್ಷನ್’

ಭಾರತದ ಆಡಳಿತ ಭಾಷೆಯಲ್ಲಿ ಅನುಮತಿಯ ಅರ್ಥವೇ ಹೆಚ್ಚು ಬಳಕೆಯಲ್ಲಿದೆ. ಮಂಜೂರಾದ ಹುದ್ದೆ, ಮಂಜೂರಾದ ನಕ್ಷೆ, ಮಂಜೂರಾದ ಅನುದಾನ ಇವೆಲ್ಲ ಈ ಗುಂಪಿಗೆ ಸೇರಿದವು. ವಿದ್ಯುತ್ ಬಿಲ್ಲಿನ ಮಂಜೂರಾದ ಲೋಡ್ ಕೂಡ ಹಾಗೆಯೇ. ಅದನ್ನು ಮೀರಿ ಬಳಸಿದರೆ ದಂಡ ತೆರಬೇಕಾಗುತ್ತದೆ. ಅಲ್ಲಿಗೆ ಪದದ ಎರಡೂ ಮುಖಗಳ ದರ್ಶನವಾಗುತ್ತದೆ.

ಸಾಲದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಾಲ ‘ಸ್ಯಾಂಕ್ಷನ್’ ಆಯಿತೆಂದರೆ ಹಣ ಕೈಸೇರಿತೆಂದಲ್ಲ. ಮಂಜೂರಾತಿ ಪತ್ರಕ್ಕೆ ಷರತ್ತುಗಳಿರುತ್ತವೆ, ಅವಧಿಯೂ ಇರುತ್ತದೆ. ದಾಖಲೆಗಳ ಪರಿಶೀಲನೆ ಮುಗಿದ ಮೇಲಷ್ಟೇ ಹಣ ಬಿಡುಗಡೆಯಾಗುತ್ತದೆ. ಪತ್ರವನ್ನೇ ನಂಬಿ ಮನೆ ಖರೀದಿಗೆ ಮುಂಗಡ ಕೊಟ್ಟವರು ಪೇಚಿಗೆ ಸಿಲುಕಬಹುದು.

ನ್ಯಾಯಾಲಯದ ಸುದ್ದಿಗಳಲ್ಲಂತೂ ಈ ಪದಕ್ಕೆ ಭಾರಿ ತೂಕವಿದೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಸರ್ಕಾರಿ ನೌಕರನ ವಿರುದ್ಧ ನ್ಯಾಯಾಲಯ ವಿಚಾರಣೆಗೆ ಕೈಹಾಕಬೇಕಾದರೆ ಸಕ್ಷಮ ಪ್ರಾಧಿಕಾರದ ‘ಸ್ಯಾಂಕ್ಷನ್’ ಬೇಕು. 2018ರಲ್ಲಿ ಸೇರಿಸಲಾದ 17ಎ ಸೆಕ್ಷನ್‌ನಲ್ಲಿ ತನಿಖೆಗೆ ಮುನ್ನವೇ ಅನುಮೋದನೆ ಪಡೆಯಬೇಕೆಂಬ ನಿಯಮವಿದೆ. ಇವೆರಡೂ ಒಂದೇ ಅಲ್ಲ.

ಈ ಬಗೆಯ ವ್ಯತ್ಯಾಸದ ಮಹತ್ವ ರಾಜ್ಯದಲ್ಲೇ ಕಂಡುಬಂತು. ಮುಡಾ ನಿವೇಶನ ಪ್ರಕರಣದಲ್ಲಿ ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರಿಗೆ ಸಂಬಂಧಿಸಿದಂತೆ 2024ರ ಆಗಸ್ಟ್‌ನಲ್ಲಿ ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ಹೊರಡಿಸಿದ ಆದೇಶದಲ್ಲಿ, ತನಿಖೆಗೆ 17ಎ ಅಡಿಯ ಅನುಮೋದನೆಯ ಜೊತೆಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಸೆಕ್ಷನ್ ಅಡಿ ವಿಚಾರಣೆಗೆ ‘ಸ್ಯಾಂಕ್ಷನ್’ ಕೂಡ ಇತ್ತು. ಸೆಪ್ಟೆಂಬರ್ 24ರಂದು ಹೈಕೋರ್ಟ್ ಆ ಆದೇಶವನ್ನು 17ಎ ಅನುಮೋದನೆಗಷ್ಟೇ ಸೀಮಿತಗೊಳಿಸಿ ಎತ್ತಿಹಿಡಿಯಿತು. ತನಿಖೆ ನಡೆಸಿದ ಲೋಕಾಯುಕ್ತ ಪೊಲೀಸರು ಸಾಕ್ಷ್ಯಾಧಾರದ ಕೊರತೆಯಿದೆ ಎಂದು 2025ರ ಫೆಬ್ರವರಿಯಲ್ಲಿ ತಿಳಿಸಿದರು. ಅನುಮತಿ ಎಂಬುದು ತೀರ್ಪಲ್ಲ, ಪ್ರಕ್ರಿಯೆಯ ಬಾಗಿಲು ಮಾತ್ರ ಎಂಬುದನ್ನು ಓದುಗರು ಇಲ್ಲಿ ಗಮನಿಸಬೇಕು.

ಅರ್ಥ ಗುರುತಿಸುವುದು ಹೇಗೆ?

ಇಂಗ್ಲಿಷ್ ವಾಕ್ಯದಲ್ಲಿ ಈ ಪದ ಎದುರಾದಾಗ ಮೂರು ಅಂಶಗಳನ್ನು ನೋಡಿದರೆ ಗೊಂದಲ ಬಹುಮಟ್ಟಿಗೆ ಪರಿಹಾರವಾಗುತ್ತದೆ.

* ಪದ ಬಹುವಚನದಲ್ಲಿದ್ದು ‘ಸ್ಯಾಂಕ್ಷನ್ಸ್’ ಎಂದಿದ್ದರೆ ಸಾಮಾನ್ಯವಾಗಿ ಅದು ನಿರ್ಬಂಧ. ಏಕವಚನದಲ್ಲಿದ್ದರೆ ಹೆಚ್ಚಾಗಿ ಅನುಮತಿ.

* ಹೇರು, ವಿಧಿಸು, ತೆರವುಗೊಳಿಸು ಎಂಬರ್ಥದ ಕ್ರಿಯಾಪದಗಳು ಜೊತೆಗಿದ್ದರೆ ನಿರ್ಬಂಧ. ನೀಡು, ಕೋರು, ಪಡೆ ಎಂಬರ್ಥದವು ಇದ್ದರೆ ಅನುಮತಿ.

* ಪದವೇ ಕ್ರಿಯಾಪದವಾಗಿದ್ದರೆ ಕರ್ಮವನ್ನು ನೋಡಬೇಕು. ಯೋಜನೆ, ಸಾಲ, ಹುದ್ದೆಗಳನ್ನು ‘ಸ್ಯಾಂಕ್ಷನ್’ ಮಾಡಿದರೆ ಮಂಜೂರಾತಿ. ದೇಶ, ಕಂಪನಿ, ವ್ಯಕ್ತಿಯನ್ನು ಮಾಡಿದರೆ ದಂಡನೆ. ಕ್ರಿಯಾಪದಕ್ಕೆ ಈ ಎರಡನೆಯ ಅರ್ಥ ರೂಢಿಯಾದದ್ದು 20ನೇ ಶತಮಾನದ ಮಧ್ಯಭಾಗದಿಂದೀಚೆಗೆ.

ಕನ್ನಡದ ಬರಹಗಾರರಿಗೆ ಇಲ್ಲೊಂದು ಅನುಕೂಲವಿದೆ. ಅನುಮತಿಗೆ ಅರಬ್ಬೀ, ಪಾರಸಿಯಿಂದ ಬಂದ ‘ಮಂಜೂರಾತಿ’ ಇದೆ, ಸಂಸ್ಕೃತದ ‘ಅನುಮೋದನೆ’ಯೂ ಇದೆ. ಇನ್ನೊಂದು ಅರ್ಥಕ್ಕೆ ‘ನಿರ್ಬಂಧ’ ಇದೆ. ಕೆಲವೊಮ್ಮೆ ಬಳಸಲಾಗುವ ‘ದಿಗ್ಬಂಧನ’ ಪದ ಬಂದರು, ಗಡಿಗಳನ್ನು ಸುತ್ತುವರಿದು ಸಂಚಾರ ತಡೆಯುವುದಕ್ಕೆ ಸೂಕ್ತವೇ ಹೊರತು ಬ್ಯಾಂಕ್ ಖಾತೆ ಸ್ಥಗಿತಗೊಳಿಸುವುದಕ್ಕಲ್ಲ. ಲಿಪಿ ಮಾತ್ರ ಬದಲಿಸಿ ‘ಸ್ಯಾಂಕ್ಷನ್’ ಎಂದೇ ಬರೆದರೆ ಇಂಗ್ಲಿಷಿನ ಗೊಂದಲವೂ ಅದರೊಂದಿಗೇ ಕನ್ನಡಕ್ಕೆ ಬರುತ್ತದೆ. ಮಂಜೂರಾತಿ ಎಂದೋ ನಿರ್ಬಂಧ ಎಂದೋ ಬಿಡಿಸಿ ಬರೆದರೆ ಓದುಗರು ಊಹಿಸುತ್ತ ಕೂರಬೇಕಾಗಿಲ್ಲ.