ಬ್ಯಾಲೆನ್ಸ್ ಯಾರದು?

ನಮ್ಮ ವೈ.ಎನ್.ಹೊಸಕೋಟೆ ಕಡೆ ಸೈಕಲ್ ಕಲಿಯೋದು ಅಂದ್ರೆ ಮೊದಲು ಬಾಡಿಗೆ ಸೈಕಲ್ಲು, ಆಮೇಲೆ ಮೊಣಕಾಲಿನ ಗಾಯ. ಸೀಟಿನಿಂದ ಪೆಡಲ್ ಎಟುಕದ ಹುಡುಗರು ಬಾರಿನ ಕೆಳಗೆ ಕಾಲು ತೂರಿಸಿ ತುಳೀತಿದ್ರು. ಬೀಳದೆ ಕಲಿತವರು ಕಡಿಮೆ.

ಈ ಬೀಳೋ ಪಾಠವೇ ಬೇಡ ಅಂತ ಬಂದದ್ದು ಸೆಗ್ವೇ. ಅಮೆರಿಕದ ಡೀನ್ ಕೇಮನ್ 2001ರ ಡಿಸೆಂಬರ್ 3ರಂದು ಅದನ್ನು ಜಗತ್ತಿಗೆ ತೋರಿಸಿದರು. ಅಕ್ಕಪಕ್ಕ ಎರಡು ಚಕ್ರ, ನಡುವೆ ನಿಲ್ಲೋಕೆ ಜಾಗ, ಹಿಡಿಯೋಕೆ ಹ್ಯಾಂಡಲ್ಲು. ಮೈ ಮುಂದಕ್ಕೆ ವಾಲಿಸಿದರೆ ಗಾಡಿ ಮುಂದೆ, ಹಿಂದಕ್ಕೆ ವಾಲಿಸಿದರೆ ನಿಧಾನ. ಒಳಗಿನ ಗೈರೋಸ್ಕೋಪುಗಳು ವಾಲಿದ್ದನ್ನು ಅಳೆಯುತ್ತವೆ. ಮೋಟಾರು ಚಕ್ರಗಳನ್ನು ಅದೇ ದಿಕ್ಕಿಗೆ ಓಡಿಸಿ ಸವಾರ ಬೀಳದಂತೆ ನೋಡಿಕೊಳ್ಳುತ್ತದೆ. ಕಲಿಯುವವರು ಮುಖ್ಯವಾಗಿ ಕಲಿಯಬೇಕಾದ್ದು ಯಂತ್ರವನ್ನು ನಂಬೋದನ್ನ.

ಆ ನಂಬಿಕೆ ಬ್ಯಾಟರಿ ಇರೋ ತನಕ. ಚಾರ್ಜ್ ಇಳಿದಾಗ ಸವಾರರು ಬಿದ್ದರೆಂದು 2003ರಲ್ಲಿ ಸುಮಾರು 6,000 ಗಾಡಿಗಳನ್ನು ಕಂಪನಿ ವಾಪಸ್ ಕರೆಸಿ ಸಾಫ್ಟ್‌ವೇರ್ ಸರಿಪಡಿಸಬೇಕಾಯ್ತು. ಬೆಲೆಯೂ 5,000 ಡಾಲರ್ ಆಸುಪಾಸು. ಫುಟ್‌ಪಾತಿನಲ್ಲಿ ಓಡಬೇಕೋ ರಸ್ತೆಯಲ್ಲೋ ಅನ್ನೋ ತಕರಾರು ಬೇರೆ. 2020ರಲ್ಲಿ ಈ ಗಾಡಿಯ ತಯಾರಿಕೆ ನಿಂತಿತು.

ಅದೇ ಕಾಲದಲ್ಲಿ, 2006-07ರಿಂದ, ನಮ್ಮ ರಾಜ್ಯ ಸರ್ಕಾರ ಎಂಟನೇ ತರಗತಿಯ ಬಡ ಹುಡುಗಿಯರಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಹೈಸ್ಕೂಲು ದೂರ ಅಂತ ಮಗಳ ಓದು ಬಿಡಿಸೋ ಮನೆಗಳಿದ್ದವು. ಸೈಕಲ್ಲಿನಲ್ಲಿ ಗೈರೋಸ್ಕೋಪು ಇರಲಿಲ್ಲ. ಅವರೇ ಬಿದ್ದು, ಎದ್ದು ಕಲಿತರು. ಆ ಬ್ಯಾಲೆನ್ಸಿಗೆ ಚಾರ್ಜ್ ಬೇಡ. ಇವತ್ತು ಸ್ಕೂಟರ್ ಹತ್ತಿದರೂ ಅದು ಅವರ ಕೈ ಬಿಡಲ್ಲ.